ಮೂರನೇ ಒಂದು ಪಾಲು: ಮಾರ್ಕೆಟ್ ಹಾರ್ಬರೋ ಬಳಿ ಮನೆ ಕೊಂಡದ್ದು

2023ರ ಮೇ ತಿಂಗಳ ಒಂದು ಸಂಜೆ, ಮನೆ ಕೊಳ್ಳುವ ಕಾಗದಪತ್ರ ನೋಡಿಕೊಳ್ಳುವ ವಕೀಲರು, ಅಂದರೆ ಸಾಲಿಸಿಟರ್, ಕಳಿಸಿದ್ದ ಹನ್ನೆರಡು ಪುಟಗಳ ಪ್ರಶ್ನಾವಳಿಯನ್ನು ಅಡುಗೆಮನೆಯ ಮೇಜಿನ ಮೇಲೆ ಹರಡಿಕೊಂಡು ನಾನೂ ನನ್ನ ಹೆಂಡತಿಯೂ ಒಂದೊಂದೇ ಪ್ರಶ್ನೆಗೆ ಗುರುತು ಹಾಕುತ್ತ ಕುಳಿತಿದ್ದೆವು. ನಿಮ್ಮಿಬ್ಬರಲ್ಲಿ ಯಾರಾದರೂ ಪ್ರಪಂಚದ ಯಾವುದೇ ಭಾಗದಲ್ಲಿ, ಯಾವತ್ತಾದರೂ, ಒಂದು ಮನೆಯ ಅಥವಾ ಮನೆಯ ಒಂದು ಪಾಲಿನ ಒಡೆಯರಾಗಿದ್ದಿರಾ ಎಂಬ ಪ್ರಶ್ನೆ ಏಳನೆಯ ಪುಟದಲ್ಲಿತ್ತು. ಇಂಗ್ಲೆಂಡಿಗೆ ಬಂದಾಗಿನಿಂದ ಬಾಡಿಗೆ ಮನೆಗಳಲ್ಲೇ ಕಾಲ ಕಳೆದಿದ್ದ ನಾವು ಯೋಚಿಸದೆ ‘ಇಲ್ಲ’ ಎಂಬ ಚೌಕಕ್ಕೆ ಗೀಟು ಎಳೆದೆವು. ರಾತ್ರಿ ಹಲ್ಲುಜ್ಜುವಾಗ ನನಗೆ ಶಿವಮೊಗ್ಗ ಜಿಲ್ಲೆಯ ಸಾಗರದಲ್ಲಿರುವ ನಮ್ಮ ಮನೆ ನೆನಪಾಯಿತು. 2016ರಲ್ಲಿ ಅಪ್ಪ ತೀರಿಕೊಂಡ ಮೇಲೆ ಆ ಮನೆಯ ಖಾತೆ ಅಮ್ಮ, ಅಣ್ಣ ಮತ್ತು ನನ್ನ ಹೆಸರಿಗೆ ಜಂಟಿಯಾಗಿ ಬದಲಾಗಿತ್ತು. ರಜೆಗೆ ಹೋದಾಗ ತೋರಿಸಿದ ಕಡೆಗೆಲ್ಲ ಸಹಿ ಹಾಕಿ, ಬಂದು, ಮರೆತಿದ್ದೆ. ಮರುದಿನ ಬೆಳಿಗ್ಗೆ ಆ ‘ಇಲ್ಲ’ವನ್ನು ಹೊಡೆದುಹಾಕಿ ‘ಹೌದು’ ಎಂದು ಬರೆದೆ. ಆ ತಿದ್ದುಪಡಿಯ ಬೆಲೆ 6,750 ಪೌಂಡ್. ಅದರ ಲೆಕ್ಕ ಮುಂದೆ ಬರುತ್ತದೆ.

ನಾವು ಮನೆ ಹುಡುಕುತ್ತಿದ್ದುದು ಲೆಸ್ಟರ್‌ಶೈರಿನ ದಕ್ಷಿಣದ ಅಂಚಿನಲ್ಲಿರುವ ಮಾರ್ಕೆಟ್ ಹಾರ್ಬರೋ ಎಂಬ ಸಂತೆ ಪಟ್ಟಣದ ಸುತ್ತಮುತ್ತ. ಊರನ್ನು ಆರಿಸಿಕೊಂಡದ್ದು ಇತಿಹಾಸಕ್ಕೆ ಮರುಳಾಗಿ ಅಲ್ಲ, ರೈಲಿನ ಅನುಕೂಲಕ್ಕಾಗಿ. ನನ್ನ ಕೆಲಸ ಲೆಸ್ಟರ್‌ನಲ್ಲಿ. ನನ್ನ ಹೆಂಡತಿ ವಾರಕ್ಕೆ ಎರಡು ದಿನ ಲಂಡನ್ನಿನ ಕಚೇರಿಗೆ ಹೋಗಬೇಕು. ಹಾರ್ಬರೋದಿಂದ ಲೆಸ್ಟರ್‌ಗೆ ಕಾಲು ಗಂಟೆಯ ದಾರಿ, ಲಂಡನ್ನಿನ ಸೇಂಟ್ ಪ್ಯಾಂಕ್ರಾಸ್‌ಗೆ ಹೆಚ್ಚುಕಡಿಮೆ ಒಂದು ಗಂಟೆ. ಕೊತ್ತಂಬರಿ, ಹಸಿಮೆಣಸು, ತೆಂಗಿನಕಾಯಿಗೆ ಲೆಸ್ಟರ್‌ನ ಬೆಲ್‌ಗ್ರೇವ್ ರಸ್ತೆಯಿದೆ. ಅಲ್ಲಿನ ಅಂಗಡಿಗಳವರು ಹೆಚ್ಚಿನವರು ಗುಜರಾತಿಗಳಾದರೂ ಈಗ ಇಡ್ಲಿ ಅಕ್ಕಿಯೂ ಸಿಗುತ್ತದೆ. ಇಷ್ಟಕ್ಕಾಗಿಯೇ 2021ರಲ್ಲಿ ಹಾರ್ಬರೋದ ಒಳಗೆ ಒಂದು ಚಿಕ್ಕ ಬಾಡಿಗೆ ಮನೆ ಹಿಡಿದೆವು.

ಊರು ನಮ್ಮನ್ನು ಹಿಡಿದುಕೊಂಡದ್ದು ಆಮೇಲೆ. ಇಲ್ಲಿನ ಸಂತೆಯ ಉಲ್ಲೇಖ 1204ರಲ್ಲೇ ಸಿಗುತ್ತದೆ. 1221ರಿಂದ ಈಚೆಗೆ ಸಂತೆಯ ದಿನ ಮಂಗಳವಾರ. ಪಟ್ಟಣದ ನಡುವೆ 1614ರಲ್ಲಿ ಕಟ್ಟಿದ ಹಳೆಯ ಗ್ರಾಮರ್ ಶಾಲೆ ಮರದ ಕಂಬಗಳ ಮೇಲೆ ನಿಂತಿದೆ. ಈ ಊರಿನಲ್ಲಿ ಹುಟ್ಟಿ ಲಂಡನ್ನಿಗೆ ಹೋಗಿ ದುಡ್ಡು ಮಾಡಿದ ರಾಬರ್ಟ್ ಸ್ಮಿತ್ ಎಂಬಾತ ಕಟ್ಟಿಸಿದ್ದು. ಮಕ್ಕಳು ಮೇಲೆ ಕುಳಿತು ಓದಲಿ, ಕೆಳಗೆ ಬೆಣ್ಣೆ ಮಾರುವವರು ಮಳೆಯಲ್ಲಿ ನೆನೆಯದಿರಲಿ ಎಂಬುದು ಅದರ ಏರ್ಪಾಡು. ಮಳೆನಾಡಿನಿಂದ ಬಂದ ನನಗೆ ಆ ಕಟ್ಟಡದ ಉದ್ದೇಶವನ್ನು ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಮೊದಲ ವರ್ಷದ ನವೆಂಬರ್‌ನಲ್ಲಿ ನಾನೇ ಎಷ್ಟೋ ಸಲ ಕೊಡೆ ಮರೆತು ಆ ಕಂಬಗಳ ನಡುವೆ ನಿಂತಿದ್ದೇನೆ. ಪಕ್ಕದ ಸೇಂಟ್ ಡಯೋನಿಸಿಯಸ್ ಚರ್ಚಿಗೆ ಸುತ್ತ ಸ್ಮಶಾನವಿಲ್ಲ. ಅದರ ಎತ್ತರದ ಶಿಖರ ನೇರವಾಗಿ ಬೀದಿಯಿಂದಲೇ ಮೇಲೇಳುತ್ತದೆ. ಹಾರ್ಬರೋ ನಿಜಕ್ಕೂ ‘ಹೊಸ’ ಊರು. 1086ರ ಡೂಮ್ಸ್‌ಡೇ ಎಂಬ ಭೂಗಣತಿಯ ದಾಖಲೆಯಲ್ಲಿ ಅದರ ಹೆಸರಿಲ್ಲ, ಪಕ್ಕದ ಬೋಡನ್‌ನ ಹೆಸರಿದೆ. ಸಂತೆ ಬೆಳೆದು ಪಟ್ಟಣವಾಯಿತು, ಮೂಲದ ಊರು ಹಳ್ಳಿಯಾಗಿಯೇ ಉಳಿಯಿತು. ನಾವು ಕೊನೆಗೆ ಮನೆ ಕೊಂಡದ್ದು ಆ ಹಳ್ಳಿಯಲ್ಲಿ, ಗ್ರೇಟ್ ಬೋಡನ್‌ನಲ್ಲಿ.

ಅದಕ್ಕೆ ಮೊದಲು ಒಂದು ಮನೆ ಕೈತಪ್ಪಿತು. ಫೆಬ್ರುವರಿಯಲ್ಲಿ ಲಿಟಲ್ ಬೋಡನ್‌ನ ಒಂದು ಮನೆಗೆ ನಾವು 3,72,000 ಪೌಂಡ್ ಹೇಳಿದೆವು, ಮಾರುವವರು ಒಪ್ಪಿದರು, ಎಸ್ಟೇಟ್ ಏಜೆಂಟ್ ಅಭಿನಂದನೆ ತಿಳಿಸಿದ, ನಾವು ರಾತ್ರಿ ಪಾಯಸ ಮಾಡಿಕೊಂಡು ಉಂಡೆವು. ಸಾಗರದಲ್ಲಾದರೆ ಮಾತು ಮುಗಿದ ಕೂಡಲೇ ಮುಂಗಡ ಕೊಟ್ಟು ಕ್ರಯದ ಕರಾರು ಬರೆಸಿಕೊಳ್ಳುತ್ತೇವೆ. ಆಮೇಲೆ ಹಿಂದೆ ಸರಿಯುವವರು ಏನಾದರೂ ಕಳೆದುಕೊಂಡೇ ಸರಿಯಬೇಕು. ಇಂಗ್ಲೆಂಡಿನಲ್ಲಿ ಆಫರ್ ಒಪ್ಪಿಗೆಯಾಯಿತು ಎಂದರೆ ಕಾನೂನಿನ ಲೆಕ್ಕದಲ್ಲಿ ಏನೂ ಆಗಿಲ್ಲ. ಕರಾರುಪತ್ರಗಳ ವಿನಿಮಯವಾಗುವ ದಿನದವರೆಗೆ, ಅಂದರೆ ಮುಂದಿನ ಮೂರು ನಾಲ್ಕು ತಿಂಗಳು, ಕೊಳ್ಳುವವರೂ ಮಾರುವವರೂ ಯಾವ ಕ್ಷಣದಲ್ಲಿ ಬೇಕಾದರೂ ಕಾರಣ ಕೊಡದೆ ಎದ್ದು ಹೋಗಬಹುದು. ಆರನೆಯ ವಾರದಲ್ಲಿ ಏಜೆಂಟ್ ಫೋನ್ ಮಾಡಿ, ಬೇರೆಯವರೊಬ್ಬರು 15,000 ಪೌಂಡ್ ಹೆಚ್ಚಿಗೆ ಕೊಡಲು ಬಂದಿದ್ದಾರೆ, ನೀವು ಏರಿಸುತ್ತೀರಾ ಎಂದು ಕೇಳಿದ. ಇದಕ್ಕೆ ಇಲ್ಲಿ ಗಜಂಪಿಂಗ್ ಎಂದು ಹೆಸರು. ಹೆಸರಿಡುವಷ್ಟು ಸಾಮಾನ್ಯವಾದದ್ದನ್ನು ಯಾಕೆ ತಡೆಯಲಿಲ್ಲ ಎಂಬುದು ನನಗೆ ಇಂದಿಗೂ ಅರ್ಥವಾಗಿಲ್ಲ. ನಾವು ಏರಿಸಲಿಲ್ಲ. ಮನೆಯ ಸ್ಥಿತಿ ಪರೀಕ್ಷಿಸುವ ಸರ್ವೆಗೆ, ಸಾಲಿಸಿಟರ್‌ಗೆ ಅಷ್ಟರವರೆಗೆ ಕೊಟ್ಟಿದ್ದ ಸಾವಿರ ಪೌಂಡ್ ಚಿಲ್ಲರೆ ನೀರಿಗೆ ಬಿತ್ತು. ಏಜೆಂಟನ ಮೇಲೆ ಸಿಟ್ಟು ಮಾಡಿ ಪ್ರಯೋಜನವಿಲ್ಲ. ಅವನಿಗೆ ಕಮಿಷನ್ ಕೊಡುವವರು ಮಾರುವವರು, ಅವನು ಅವರ ಕಡೆಯವನು. ಆತನ ನಗುಮುಖ ನೋಡಿ ಈ ಸಂಗತಿಯನ್ನು ನಾವು ಮರೆತಿದ್ದೆವು, ಅಷ್ಟೆ.

ಆ ಬೇಸರದಲ್ಲಿದ್ದಾಗಲೇ ಈಸ್ಟರ್ ಬಂತು. ಈಸ್ಟರ್ ಸೋಮವಾರದಂದು ಹತ್ತಿರದ ಹ್ಯಾಲಟನ್ ಮತ್ತು ಮೆಡ್‌ಬೋರ್ನ್ ಹಳ್ಳಿಗಳ ನಡುವೆ ‘ಬಾಟಲ್ ಕಿಕ್ಕಿಂಗ್’ ಎಂಬ ಸೆಣಸಾಟ ನಡೆಯುತ್ತದೆ. ಹೆಸರಿಗೆ ಬಾಟಲಿಯಾದರೂ ಅವು ಮರದ ಪುಟ್ಟ ಪೀಪಾಯಿಗಳು. ಮೂರರಲ್ಲಿ ಎರಡಕ್ಕೆ ಬಿಯರ್ ತುಂಬಿರುತ್ತಾರೆ, ಒಂದು ಬರೀ ಗಟ್ಟಿ ಮರದ್ದು. ಎರಡೂ ಊರಿನವರು ಗುಂಪುಗುಂಪಾಗಿ ಮೇಲೆ ಬಿದ್ದು, ಬೇಲಿ ಹಾರಿ, ಕೆಸರಿನಲ್ಲಿ ಉರುಳಿ ಪೀಪಾಯಿಯನ್ನು ತಮ್ಮ ಕಡೆಯ ತೊರೆ ದಾಟಿಸಬೇಕು. ಸೊರಬ, ಶಿಕಾರಿಪುರದ ಕಡೆಯ ಹೋರಿ ಹಬ್ಬ ನೋಡಿದವರಿಗೆ ಆ ಗಲಾಟೆ, ಆ ಊರಿನ ಹೆಮ್ಮೆ, ಪಕ್ಕದಲ್ಲಿ ನಿಂತ ಆಂಬುಲೆನ್ಸ್ ಯಾವುದೂ ಹೊಸದಲ್ಲ. ಗುಡ್ಡದ ಮೇಲೆ ನಿಂತು ನೋಡುತ್ತಿದ್ದಾಗ ಜೊತೆಗಿದ್ದ ಸಹೋದ್ಯೋಗಿಯೊಬ್ಬರು, ತಮ್ಮ ಪರಿಚಯದ ಹಿರಿಯರೊಬ್ಬರು ಗ್ರೇಟ್ ಬೋಡನ್‌ನ ಮನೆಯನ್ನು ಮಾರಾಟಕ್ಕೆ ಇಡಲಿದ್ದಾರೆ ಎಂದರು. ಮುಂದಿನ ಶನಿವಾರ ಹೋಗಿ ನೋಡಿದೆವು.

1893ರಲ್ಲಿ ಕಟ್ಟಿದ ನಾಲ್ಕು ಕೆಂಪು ಇಟ್ಟಿಗೆಯ ಮನೆಗಳ ಸಾಲಿನಲ್ಲಿ ಎರಡನೆಯದು. ಮಹಡಿಯಲ್ಲಿ ಮೂರು ಕೋಣೆ, ಕೆಳಗೆ ಎರಡು, ಹಿಂದೆ ಉದ್ದನೆಯ ಹಿತ್ತಿಲು, ಹಿತ್ತಿಲಿನ ಕೊನೆಯಲ್ಲಿ ಬೇಲಿಗಿಡಗಳ ಸಾಲು, ಅದರಾಚೆ ಕುರಿ ಮೇಯುವ ಹುಲ್ಲುಗಾವಲು. ಆ ಗಾವಲಿನಲ್ಲಿ ಸಂಜೆ ಬಿಸಿಲು ಓರೆಯಾಗಿ ಬಿದ್ದಾಗ ಮಧ್ಯಯುಗದ ಉಳುಮೆಯ ದಿಂಡುಗಳು ಅಲೆಅಲೆಯಾಗಿ ಎದ್ದು ಕಾಣುತ್ತವೆ. ಮಾರುವ ಹಿರಿಯರು 1986ರಿಂದ ಅಲ್ಲಿದ್ದವರು. ಈಗ ನಾರ್ಫೋಕ್‌ನಲ್ಲಿ ಮಗಳ ಮನೆಯ ಹತ್ತಿರ ಒಂದು ಬಂಗಲೆ ಕೊಳ್ಳುವವರಿದ್ದರು. ಬಂಗಲೆ ಎಂದರೆ ಇಲ್ಲಿ ಸಿರಿವಂತರ ಸೌಧವಲ್ಲ, ಮಹಡಿ ಹತ್ತಲಾಗದ ವಯಸ್ಸಿನವರು ಬಯಸುವ ಒಂದೇ ಅಂತಸ್ತಿನ ಮನೆ. ಚಹಾ ಕೊಟ್ಟು, ಯಾವ ಕಿಟಕಿ ಗಾಳಿಗೆ ಸದ್ದು ಮಾಡುತ್ತದೆ ಎಂಬುದನ್ನೂ ತೋರಿಸಿದರು. ಮಾತುಕತೆಯಾಗಿ 3,91,000 ಪೌಂಡಿಗೆ ಒಪ್ಪಿಗೆಯಾಯಿತು. ಈ ಸಲ ಪಾಯಸ ಮಾಡಲಿಲ್ಲ.

ಹಳೆಯ ಮನೆಯಾದ್ದರಿಂದ 900 ಪೌಂಡ್ ಕೊಟ್ಟು ಅತ್ಯಂತ ವಿವರವಾದ ಲೆವೆಲ್ 3 ಸರ್ವೆಯನ್ನೇ ಮಾಡಿಸಿದೆವು. ಇಡೀ ವ್ಯವಹಾರದಲ್ಲಿ ಸಾರ್ಥಕವಾಯಿತು ಎನಿಸಿದ ಖರ್ಚು ಅದೊಂದೇ. ಸರ್ವೇಯರ್ ಕೆಲಸ ಮುಗಿಸುವ ಹೊತ್ತಿಗೆ ನಾನು ಹೋದೆ. ಮುಂದಿನ ಕೋಣೆಯ ಗೋಡೆಗೆ ಎರಡು ಮೊಳೆಗಳಿರುವ ತೇವಮಾಪಕವನ್ನು ಒತ್ತಿ ತೋರಿಸಿದರು. ಸೊಂಟದೆತ್ತರದ ಕೆಳಗೆ ಎಲ್ಲಿ ಒತ್ತಿದರೂ ಕೆಂಪು ದೀಪ ಹತ್ತಿ ಕಿರ್ರೆನ್ನುತ್ತಿತ್ತು, ಒಂದು ಗೇಣು ಮೇಲೆ ಸರಿಸಿದರೆ ಸುಮ್ಮನಾಗುತ್ತಿತ್ತು. ಮೂಲೆಯಲ್ಲಿ ಬಣ್ಣ ಅಕ್ಕಿಕಾಳಿನಷ್ಟು ಗುಳ್ಳೆಗಳಾಗಿ ಎದ್ದಿತ್ತು. ನಾನು ಬೆರಳಿನಿಂದ ಉಜ್ಜಿದಾಗ ಬಣ್ಣ ಉದುರಿ, ಒಳಗಿನಿಂದ ಉಪ್ಪಿನ ಬಿಳಿ ಪುಡಿ ಬೆರಳಿಗೆ ಹತ್ತಿತು. ಇದು ಒಂಬತ್ತು ಇಂಚಿನ ಗಟ್ಟಿ ಗೋಡೆ, ನಡುವೆ ಗಾಳಿಯ ಸಂದು ಇಲ್ಲ, ಇಟ್ಟಿಗೆಗಳನ್ನು ಕೂಡಿಸಿರುವುದು ಸುಣ್ಣದ ಗಾರೆಯಿಂದ. ಇಂಥ ಗೋಡೆ ಮಳೆಯ ನೀರನ್ನು ಕುಡಿದು ಬಿಸಿಲು ಬಂದಾಗ ಬಿಟ್ಟುಕೊಡುತ್ತದೆ. ಯಾರೋ ಪುಣ್ಯಾತ್ಮರು ಶೀತ ತಡೆಯಲೆಂದು ಒಳಗೆ ಸಿಮೆಂಟ್ ಬಳಿದಿದ್ದಾರೆ, ನೀರು ಹೊರಹೋಗಲಾರದೆ ಒಳಗೇ ಕುಳಿತಿದೆ ಎಂದು ಅವರು ವಿವರಿಸಿದರು.

ಅವರು ಹೇಳುವುದನ್ನು ನಾನು ಮೊದಲೇ ಕೇಳಿದ್ದೆ. ಸಾಗರದ ನಮ್ಮ ಮನೆಯ ಗೋಡೆಗಳಿಗೆ ಅಜ್ಜ ಬೆಲ್ಲದ ನೀರು, ಅಳಲೆಕಾಯಿ ಹಾಕಿ ಅರೆದ ಸುಣ್ಣದ ಗಾರೆ ಮಾಡಿಸಿದ್ದರು. ನಾನು ಹೈಸ್ಕೂಲಿನಲ್ಲಿದ್ದಾಗ ಅಪ್ಪ ಜಗಲಿಯ ಗೋಡೆಗೆ ಸಿಮೆಂಟ್ ಮಾಡಿಸಿದರು. ಎರಡನೆಯ ಮಳೆಗಾಲಕ್ಕೆ ಅದು ಹಪ್ಪಳದ ಹಾಗೆ ಉಬ್ಬಿ ಬಿದ್ದಾಗ ಅಜ್ಜ ಬಹಳ ದಿನ ಅದನ್ನೇ ಎತ್ತಿ ಆಡುತ್ತಿದ್ದರು. ಸಿಮೆಂಟನ್ನು ಕಿತ್ತು ಸುಣ್ಣದ ಗಿಲಾವು ಮಾಡಿಸಬೇಕು ಎಂದು ಇಂಗ್ಲಿಷ್ ಸರ್ವೇಯರ್ ಬರೆದುಕೊಟ್ಟ ವರದಿಯನ್ನು ಮುಂದಿಟ್ಟುಕೊಂಡು ನಾವು 6,000 ಪೌಂಡ್ ಇಳಿಸಿಕೊಂಡೆವು. ಬೆಲೆ 3,85,000ಕ್ಕೆ ನಿಂತಿತು.

ಇನ್ನು ಕಾಗದಪತ್ರ. ನಮ್ಮಲ್ಲಿ ಇಸಿ (ಋಣಭಾರ ಪ್ರಮಾಣಪತ್ರ) ತೆಗೆಸುವ ಹಾಗೆ ಇಲ್ಲಿ ಸಾಲಿಸಿಟರ್ ಕೊಳ್ಳುವವರ ಪರವಾಗಿ ‘ಸರ್ಚ್’ಗಳನ್ನು ಮಾಡಿಸುತ್ತಾರೆ: ಸ್ಥಳೀಯ ಆಡಳಿತದ್ದು ಒಂದು, ನೀರು ಮತ್ತು ಒಳಚರಂಡಿಯದು ಒಂದು, ನೆರೆ ಮತ್ತು ಮಣ್ಣಿನ ಮಾಲಿನ್ಯದ್ದು ಮತ್ತೊಂದು. ಮನೆ ಸಂರಕ್ಷಿತ ವಲಯದಲ್ಲಿದೆ, ಹಿತ್ತಿಲಿನ ಬರ್ಚ್ ಮರದ ಕೊಂಬೆ ಕಡಿಯಬೇಕಾದರೂ ಆರು ವಾರ ಮೊದಲು ತಿಳಿಸಬೇಕು ಎಂಬುದು ಗೊತ್ತಾದದ್ದು ಇದರಿಂದ. ಇದನ್ನು ಯಾರಿಗೆ ತಿಳಿಸಬೇಕೋ ಆ ಜಿಲ್ಲಾ ಕೌನ್ಸಿಲ್ಲಿನ ಕಚೇರಿ ಇರುವುದು ಆಡಮ್ ಅಂಡ್ ಈವ್ ಎಂಬ ಬೀದಿಯಲ್ಲಿ, ಸಿಮಿಂಗ್ಟನ್ ಎಂಬವರ ಹಳೆಯ ಕಾರ್ಸೆಟ್ ಕಾರ್ಖಾನೆಯಲ್ಲಿ. ಹೆಂಗಸರ ನಡು ಬಿಗಿಯುವ ಉಡುಪು ಹೊಲಿಯುತ್ತಿದ್ದಲ್ಲಿ ಈಗ ಮನೆ ಕಟ್ಟುವವರ ನಡು ಬಿಗಿಯುತ್ತಾರೆ ಎಂಬುದು ನನ್ನ ಹೆಂಡತಿಯ ಮಾತು. ವೆಲ್ಲಂಡ್ ನದಿ ಪಟ್ಟಣದ ನಡುವೆ ಹರಿಯುವುದರಿಂದ ನೆರೆಯ ನಕ್ಷೆಯನ್ನು ಎರಡೆರಡು ಬಾರಿ ನೋಡಿದೆವು. ನಮ್ಮ ಮನೆ ಏರಿನ ಮೇಲಿತ್ತು.

ಸರ್ಚ್‌ಗಳಲ್ಲಿ ನನ್ನನ್ನು ಬೆಚ್ಚಿಬೀಳಿಸಿದ್ದು ಚಾನ್ಸೆಲ್ ಎಂಬ ಪದ. ಚರ್ಚಿನಲ್ಲಿ ಪೂಜಾವೇದಿಕೆಯಿರುವ ಭಾಗಕ್ಕೆ ಆ ಹೆಸರು. ಹಿಂದೆ ಚರ್ಚಿಗೆ ಸಲ್ಲುತ್ತಿದ್ದ ದಶಾಂಶದ, ಅಂದರೆ ಹುಟ್ಟುವಳಿಯ ಹತ್ತರಲ್ಲೊಂದು ಪಾಲಿನ, ಆದಾಯಕ್ಕೆ ಸಂಬಂಧಪಟ್ಟ ಭೂಮಿ ಕೈಬದಲಾಗುತ್ತ ಬಂದಾಗ, ಆ ಭಾಗವನ್ನು ದುರಸ್ತಿ ಮಾಡಿಸುವ ಹೊಣೆಯೂ ಭೂಮಿಗೆ ಅಂಟಿಕೊಂಡೇ ಬಂದಿದೆ. ಇದು ಪುರಾಣವೆಂದು ನಗುವ ಹಾಗಿಲ್ಲ. ವಾರ್ವಿಕ್‌ಶೈರಿನ ಆಸ್ಟನ್ ಕ್ಯಾಂಟ್‌ಲೋ ಎಂಬ ಹಳ್ಳಿಯಲ್ಲಿ ಅಂಥ ಭೂಮಿಯಿದ್ದ ದಂಪತಿ ಚರ್ಚಿನ ದುರಸ್ತಿಯ ವೆಚ್ಚ ಕೊಡಲೇಬೇಕೆಂದು 2003ರಲ್ಲಿ, ಆಗ ಅತ್ಯುನ್ನತ ನ್ಯಾಯಾಲಯವೂ ಆಗಿದ್ದ ಹೌಸ್ ಆಫ್ ಲಾರ್ಡ್ಸ್ ತೀರ್ಪು ಕೊಟ್ಟಿತು, ಬಿಲ್ಲು ಲಕ್ಷಗಳಲ್ಲಿತ್ತು. ಇನಾಮು ಭೂಮಿ, ದೇವಸ್ಥಾನದ ಉಂಬಳಿಗಳ ತಕರಾರು ಕೇಳಿ ಬೆಳೆದ ನನಗೆ ವಿಷಯ ಅರ್ಥವಾಯಿತು, ಆದರೆ ದೇವರ ಸೇವೆಯ ಹೊಣೆ ಹೀಗೆ ಬಾಗಿಲು ತಟ್ಟಬಹುದೆಂದು ಎಣಿಸಿರಲಿಲ್ಲ. 2013ರ ಅಕ್ಟೋಬರ್ ನಂತರ, ದಾಖಲಾಗದ ಇಂಥ ಹೊಣೆ ಹೊಸದಾಗಿ ದುಡ್ಡು ಕೊಟ್ಟು ಕೊಂಡವರಿಗೆ ತಟ್ಟುವುದಿಲ್ಲ ಎಂಬ ತಿಳಿವಳಿಕೆ ಇದ್ದರೂ ಸಾಲ ಕೊಡುವವರಿಗೆ ನೆಮ್ಮದಿ ಬೇಕು. 24 ಪೌಂಡ್ ಕೊಟ್ಟು ವಿಮೆ ಮಾಡಿಸಿದೆವು. ಇಡೀ ಖರ್ಚಿನ ಪಟ್ಟಿಯಲ್ಲಿ ಎರಡಂಕಿಯ ಕೆಲವೇ ಬಾಬ್ತುಗಳಲ್ಲಿ ಅದೊಂದು.

ಮಾರುವವರು 1986ರಲ್ಲಿ ಕೊಂಡಿದ್ದರು. ಇಂಗ್ಲೆಂಡಿನ ಎಲ್ಲ ಕಡೆ ಕ್ರಯವಾದಾಗ ಭೂ ನೋಂದಣಿ ಕಡ್ಡಾಯವಾದದ್ದು 1990ರ ಡಿಸೆಂಬರ್‌ನಲ್ಲಿ. ಹೀಗಾಗಿ ಈ ಮನೆಯ ಹಕ್ಕು ಯಾವ ಕಂಪ್ಯೂಟರಿನಲ್ಲೂ ಇರಲಿಲ್ಲ. ಗುಲಾಬಿ ಬಣ್ಣದ ಪಟ್ಟಿ ಕಟ್ಟಿದ ಹಳೆಯ ಪತ್ರಗಳ ಕಟ್ಟಿನಲ್ಲಿತ್ತು. ಸಾಲಿಸಿಟರ್ ಅದರ ಪ್ರತಿಗಳನ್ನು ಕಳಿಸಿದಾಗ ನಾನು ಒಂದು ಭಾನುವಾರವಿಡೀ ಓದಿದೆ. 1893ರ ಪತ್ರದ ಪ್ರಕಾರ ಮನೆಯವರು ಹಂದಿ ಸಾಕುವಂತಿಲ್ಲ. ಮೊದಲ ಮತ್ತು ಎರಡನೆಯ ಮನೆಗಳ ನಡುವಿನ ಓಣಿಯ ಮೇಲೆ ನಮ್ಮ ಮಹಡಿಯ ಕೋಣೆಯೊಂದು ಚಾಚಿಕೊಂಡಿದೆ. ಕೋಣೆ ನಮ್ಮದು, ಅದರ ಕೆಳಗಿನ ನೆಲ ಪಕ್ಕದವರದು. ಮೂರನೆಯ ಮತ್ತು ನಾಲ್ಕನೆಯ ಮನೆಯವರು ತಮ್ಮ ಕಸದ ಡಬ್ಬಿಗಳನ್ನು ನಮ್ಮ ಹಿತ್ತಿಲನ್ನು ಹಾಯ್ದು ಆ ಓಣಿಯಿಂದ ಬೀದಿಗೆ ಒಯ್ಯಬಹುದು. ಪತ್ರದಲ್ಲಿರುವುದು ಬೂದಿ ಮತ್ತು ಕೊಳೆಯನ್ನು ಒಯ್ಯುವ ಹಕ್ಕು. ಈಗ ಅದು ಚಕ್ರವಿರುವ ಪ್ಲಾಸ್ಟಿಕ್ ಡಬ್ಬಿಗಳಿಗೆ ಬಂದಿದೆ. ಪ್ರತಿವಾರ ಬೇರೆಯವರ ಕಸ ಹಿತ್ತಿಲಲ್ಲಿ ಉರುಳುತ್ತ ಹೋಗುವುದು ನಿಮಗೆ ಒಪ್ಪಿಗೆಯೇ ಎಂದು ಸಾಲಿಸಿಟರ್ ಬರೆದು ಕೇಳಿದರು. ಕೇರಿಯ ಅರ್ಧ ಜನ ನೀರಿಗೆ ನಮ್ಮ ಅಂಗಳ ಹಾಯ್ದೇ ಬಾವಿಗೆ ಹೋಗುತ್ತಿದ್ದ ಮನೆಯಲ್ಲಿ ಬೆಳೆದವನು ನಾನು. ಒಪ್ಪಿಗೆ ಎಂದು ಬರೆದೆ.

ಈಗ ಸಾಗರದ ಪಾಲಿನ ಲೆಕ್ಕ. ಆಗಿನ ದರದಲ್ಲಿ, ಮೊದಲ ಸಲ ಮನೆ ಕೊಳ್ಳುವವರಿಗೆ 4,25,000 ಪೌಂಡಿನವರೆಗೆ ಸ್ಟ್ಯಾಂಪ್ ಡ್ಯೂಟಿ ಇರಲಿಲ್ಲ. ಉಳಿದವರು 2,50,000 ಮೀರಿದ ಮೊತ್ತಕ್ಕೆ ಶೇಕಡ 5 ಕೊಡಬೇಕು. 1,35,000ಕ್ಕೆ 6,750 ಪೌಂಡ್. ಮೊದಲ ಸಲದವರು ಎಂದರೆ ಇಬ್ಬರೂ, ಪ್ರಪಂಚದ ಎಲ್ಲಿಯೂ, ಪಿತ್ರಾರ್ಜಿತವಾಗಿಯೂ ಮನೆಯ ಪಾಲು ಪಡೆದಿರಬಾರದು. ಖಾತೆ ಎಂಬುದು ಹಕ್ಕುಪತ್ರವಲ್ಲ ಎಂದು ವಾದಿಸಬಹುದಿತ್ತೇನೋ, ಆದರೆ ಅಪ್ಪನ ವಾರಸುದಾರನಾಗಿ ಪಾಲು ಬಂದದ್ದು ನಿಜವೇ ತಾನೆ. ಪಾಲನ್ನು ಅಣ್ಣನಿಗೆ ಬಿಟ್ಟುಕೊಟ್ಟರೆ ಹೇಗೆ ಎಂದು ಕೇಳಿದೆ. ಯಾವತ್ತಾದರೂ ಹೊಂದಿದ್ದಿರಾ ಎಂಬುದು ಪ್ರಶ್ನೆ, ಈಗ ಬಿಟ್ಟರೂ ಉತ್ತರ ಬದಲಾಗದು ಎಂದರು ಸಾಲಿಸಿಟರ್.

ಅದಕ್ಕಿಂತ ದೊಡ್ಡ ಗಂಡಾಂತರ ಇನ್ನೊಂದಿತ್ತು. ಬೇರೆ ಮನೆ ಇಟ್ಟುಕೊಂಡು ಮತ್ತೊಂದು ಕೊಳ್ಳುವವರು ಇಡೀ ಬೆಲೆಯ ಮೇಲೆ ಶೇಕಡ 3 ಹೆಚ್ಚುವರಿ ತೆರಬೇಕಿತ್ತು. ನಮ್ಮ ಲೆಕ್ಕದಲ್ಲಿ ಇನ್ನೂ 11,550 ಪೌಂಡ್. ಮೂರು ವರ್ಷದೊಳಗೆ ವಾರಸಿನಿಂದ ಬಂದ, ಅರ್ಧಕ್ಕೆ ಮೀರದ ಪಾಲನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ನಮಗೆ ಏಳು ವರ್ಷ ಕಳೆದಿತ್ತು. ಉಳಿದ ದಾರಿ ಒಂದೇ: ನನ್ನ ಪಾಲಿನ ಬೆಲೆ 40,000 ಪೌಂಡಿಗಿಂತ ಕಡಿಮೆಯೆಂದು ತೋರಿಸಬೇಕು. ಅಣ್ಣ ನೋಂದಾಯಿತ ಮೌಲ್ಯಮಾಪಕರೊಬ್ಬರನ್ನು ಮನೆಗೆ ಕರೆಸಿದ. ತೋಟ ಅಮ್ಮನ ಹೆಸರಿನಲ್ಲಿದೆ, ಅದು ಇದರಲ್ಲಿ ಸೇರದು. ಮನೆಗೆ ಅವರು ಬರೆದದ್ದು 84 ಲಕ್ಷ ರೂಪಾಯಿ, ಮೂರನೇ ಒಂದು ಪಾಲು 28 ಲಕ್ಷ, ಅಂದರೆ ಆಗಿನ ವಿನಿಮಯ ದರದಲ್ಲಿ 27,000 ಪೌಂಡಿನ ಆಸುಪಾಸು. ಹುಟ್ಟಿದ ಮನೆಯ ಬೆಲೆ ಕಡಿಮೆ ಬರಲಿ ಎಂದು ದೇವರಿಗೆ ಕೈಮುಗಿದದ್ದು ಜೀವನದಲ್ಲಿ ಅದೊಂದೇ ಸಲ. ಅಮ್ಮನಿಗೆ ಮಾತ್ರ ಸಿಟ್ಟು. “ಅಷ್ಟೇನಾ? ಅಡಿಪಾಯದ ಕಲ್ಲಿಗೇ ಅಷ್ಟಾಗತ್ತೆ, ಆ ಮನುಷ್ಯ ಅಟ್ಟ ಹತ್ತಿ ನೋಡಲೇ ಇಲ್ಲ ಮಾರಾಯ” ಎಂದು ಫೋನಿನಲ್ಲಿ ಗೊಣಗಿದಳು. 6,750 ಕೊಟ್ಟೆವು, 11,550 ಉಳಿಯಿತು. ಈಗ ದರಗಳು ಬದಲಾಗಿವೆ: 2024ರ ಅಕ್ಟೋಬರ್ ಕೊನೆಯಿಂದ ಹೆಚ್ಚುವರಿ ಶುಲ್ಕ ಶೇಕಡ 5 ಆಗಿದೆ, 2025ರ ಏಪ್ರಿಲ್‌ನಿಂದ ಮೊದಲ ಸಲದವರ ಮಿತಿ 3,00,000ಕ್ಕೆ ಇಳಿದಿದೆ. ಊರಿನಲ್ಲಿ ಜಂಟಿ ಖಾತೆ ಇರುವವರು ಆಫರ್ ಕೊಡುವ ಮೊದಲೇ ಸಾಲಿಸಿಟರ್‌ಗೆ ಇದನ್ನು ಹೇಳಿಬಿಡುವುದು ಒಳ್ಳೆಯದು.

ಹಣದ ಮೂಲ ತೋರಿಸುವುದೂ ಒಂದು ಪ್ರಹಸನವಾಯಿತು. ಅಮ್ಮ ಕೊಟ್ಟ ಆರು ಲಕ್ಷ ರೂಪಾಯಿಗೆ ಸಾಲಿಸಿಟರ್ ದಾನಪತ್ರ ಕೇಳಿದರು, ಕೊಟ್ಟೆವು. ಅಮ್ಮನಿಗೆ ಅದು ಎಲ್ಲಿಂದ ಬಂತು ಎಂದು ಕೇಳಿದರು. ಅಡಿಕೆ ಮಾರಿದ್ದು ಎಂದೆವು. ಸೊಸೈಟಿಯ ಕನ್ನಡದ ಪಟ್ಟಿಯನ್ನು ಇಂಗ್ಲಿಷಿಗೆ ಮಾಡಿಸಿ ದೃಢೀಕರಿಸಿ ಕಳಿಸಿದಾಗ, ಅದರಲ್ಲಿದ್ದ ‘ರಾಶಿ’, ‘ಬೆಟ್ಟೆ’, ‘ಗೊರಬಲು’ ಎಂದರೆ ಏನು ಎಂದು ಮರು ಇ-ಮೇಲ್ ಬಂತು. ಅಡಿಕೆಯ ದರ್ಜೆಗಳ ಬಗ್ಗೆ ಒಂದು ಪುಟ ಬರೆದು ಕಳಿಸಿದೆ. ನನ್ನ ಅತ್ಯುತ್ತಮ ಇಂಗ್ಲಿಷ್ ಬರಹ ಲೆಸ್ಟರ್‌ನ ಯಾವುದೋ ಕಡತದಲ್ಲಿ ಸೇರಿಕೊಂಡಿದೆ.

ಅಷ್ಟರಲ್ಲಿ ಬ್ಯಾಂಕ್ ಆಫ್ ಇಂಗ್ಲೆಂಡ್ ಬಡ್ಡಿ ಏರಿಸುತ್ತಲೇ ಇತ್ತು. ವರ್ಷದ ಆರಂಭದಲ್ಲಿ ಶೇಕಡ 3.5 ಇದ್ದ ಮೂಲದರ ಆಗಸ್ಟ್ ಹೊತ್ತಿಗೆ 5.25ಕ್ಕೆ ಮುಟ್ಟಿತು. ನಾವು ಮೇ ತಿಂಗಳಲ್ಲೇ ಐದು ವರ್ಷಕ್ಕೆ ಶೇಕಡ 4.59ರ ಸ್ಥಿರ ಬಡ್ಡಿ ಹಿಡಿದಿದ್ದೆವು; ಜುಲೈನಲ್ಲಿ ಹೊಸಬರಿಗೆ ಅದೇ ಸಾಲ ಆರರ ಮೇಲಿತ್ತು. ಆದರೆ ನಮ್ಮ ಸಾಲದ ಪತ್ರದ ಆಯಸ್ಸು ನವೆಂಬರ್ ಕೊನೆಯವರೆಗೆ ಮಾತ್ರ. ನಮ್ಮ ಮೇಲೆ ಮಾರುವ ಹಿರಿಯರು, ಅವರ ಮೇಲೆ ನಾರ್ಫೋಕ್‌ನ ಬಂಗಲೆಯವರು, ಅವರ ಮೇಲೆ ಇನ್ನೊಬ್ಬರು. ಈ ಸರಪಳಿಗೆ ಇಲ್ಲಿ ‘ಚೈನ್’ ಎನ್ನುತ್ತಾರೆ, ಎಲ್ಲರೂ ಒಂದೇ ದಿನ ಮನೆ ಬದಲಿಸಬೇಕು. ಜುಲೈ ಮಧ್ಯದಲ್ಲಿ ತುದಿಯವರ ಸಾಲ ಕೈಕೊಟ್ಟಿತು. ಐದು ವಾರ ಯಾರೂ ಏನೂ ಹೇಳಲಿಲ್ಲ. ಭಾನುವಾರಗಳಂದು ಫಾಕ್ಸ್‌ಟನ್‌ಗೆ ಹೋಗಿ, ಅಲ್ಲಿನ ಕಾಲುವೆಯಲ್ಲಿ, ನೀರು ತುಂಬಿಸಿ ದೋಣಿ ಮೇಲೆತ್ತುವ ತೊಟ್ಟಿಗಳಾದ 1814ರ ಹತ್ತು ಲಾಕ್‌ಗಳಲ್ಲಿ ದೋಣಿಗಳು ಮೆಟ್ಟಿಲು ಮೆಟ್ಟಿಲಾಗಿ 75 ಅಡಿ ಏರುವುದನ್ನು ನೋಡುತ್ತ ಕೂರುತ್ತಿದ್ದೆವು. ಮೇಲಿನ ತೊಟ್ಟಿ ತೆರವಾಗದೆ ಕೆಳಗಿನ ದೋಣಿ ಹಂದಾಡುವಂತಿಲ್ಲ. ಹೋಲಿಕೆಯನ್ನು ನಾನೂ ಹೇಳಲಿಲ್ಲ, ಅವಳೂ ಹೇಳಲಿಲ್ಲ.

ಸೆಪ್ಟೆಂಬರ್ 13ರ ಮಧ್ಯಾಹ್ನ ಇಬ್ಬರು ಸಾಲಿಸಿಟರ್‌ಗಳು ಫೋನಿನಲ್ಲಿ ಮಾತಾಡಿ ಕರಾರುಗಳನ್ನು ವಿನಿಮಯ ಮಾಡಿಕೊಂಡರು. ಶೇಕಡ 10, ಅಂದರೆ 38,500 ಪೌಂಡ್, ಆ ಕ್ಷಣದಿಂದ ನಮ್ಮದಲ್ಲ. ಮನೆಯ ವಿಮೆಯೂ ಆ ಹೊತ್ತಿನಿಂದಲೇ ನಮ್ಮ ತಲೆಯ ಮೇಲೆ. ಇಷ್ಟು ತಿಂಗಳ ಅನಿಶ್ಚಯ ಮುಗಿದದ್ದು ನಾನು ಲೆಸ್ಟರ್‌ನಲ್ಲಿ ಊಟದ ಡಬ್ಬಿ ತೊಳೆಯುತ್ತಿದ್ದಾಗ, ನನಗೆ ಗೊತ್ತಿಲ್ಲದೆ.

ಕೀ ಕೊಡುವ ದಿನ ಸೆಪ್ಟೆಂಬರ್ 29, ಶುಕ್ರವಾರ. ಅದು ಮೈಕಲ್‌ಮಸ್, ಹಿಂದೆ ಇಂಗ್ಲೆಂಡಿನಲ್ಲಿ ಗೇಣಿ, ಬಾಡಿಗೆ ಚುಕ್ತಾ ಮಾಡುತ್ತಿದ್ದ ನಾಲ್ಕು ದಿನಗಳಲ್ಲಿ ಒಂದು. ಅಮ್ಮನಿಗೆ ಅದೆಲ್ಲ ಬೇಡ. “ನಾಳೆಯಿಂದ ಪಿತೃಪಕ್ಷ, ಇವತ್ತು ಎಷ್ಟು ಹೊತ್ತಾದರೂ ಸರಿ ಹಾಲುಕ್ಕಿಸಿಬಿಡು, ಉಳಿದದ್ದು ಆಮೇಲೆ ಮಾಡ್ಕೊಳ್ಳಿ” ಎಂದಳು. ಬೆಳಿಗ್ಗೆ ಹನ್ನೊಂದರಿಂದ ಸಾಮಾನಿನ ವ್ಯಾನಿನೊಡನೆ ಹಳ್ಳಿಯ ಹಸಿರು ಬಯಲಿನ ಪಕ್ಕ ನಿಂತೆವು. ಹಣ ಸರಪಳಿಯ ಉದ್ದಕ್ಕೂ ಬ್ಯಾಂಕಿನಿಂದ ಬ್ಯಾಂಕಿಗೆ ಹತ್ತುತ್ತ ಹೋಗುವವರೆಗೆ ಏಜೆಂಟ್ ಕೀ ಕೊಡುವಂತಿಲ್ಲ. ಮೂರೂವರೆಗೆ ಫೋನ್ ಬಂತು. ಹಾಲುಕ್ಕಿಸಿದಾಗ ಸಾಗರದಲ್ಲಿ ರಾತ್ರಿ ಒಂಬತ್ತಾಗಿತ್ತು. ಅಮ್ಮ ವಿಡಿಯೊದಲ್ಲಿ ಒಲೆ ನೋಡಲಿಲ್ಲ, ಗೋಡೆ ತೋರಿಸು ಎಂದಳು. ಗುಳ್ಳೆ ಎದ್ದ ಮೂಲೆಯನ್ನು ತೋರಿಸಿದೆ. ಸಿಮೆಂಟು ಬಳಿದಿದ್ದಾರೆ ಎಂದು ಸರ್ವೇಯರಿಗಿಂತ ಬೇಗ ಹೇಳಿದಳು.

ಮರುವರ್ಷ ನೋಂದಣಿಯ ಪತ್ರ ಬಂತು. ಜೊತೆಗಿದ್ದ ನಕ್ಷೆಯಲ್ಲಿ ನಮ್ಮ ಜಾಗದ ಸುತ್ತ ಕೆಂಪು ಗೆರೆಯಿದೆ, ಆದರೆ ಆ ಗೆರೆ ಗಡಿಯನ್ನು ಸ್ಥೂಲವಾಗಿ ಮಾತ್ರ ತೋರಿಸುತ್ತದೆ. ಸರ್ವೆ ಕಲ್ಲು ಒಂದು ಗೇಣು ಸರಿದರೆ ಮೂರು ತಲೆಮಾರು ಮಾತು ಬಿಡುವ ಊರಿನಿಂದ ಬಂದ ನನಗೆ ಇದು ಸಮಾಧಾನವಾಗಲಿಲ್ಲ. ಹಿತ್ತಿಲಿನ ಕೊನೆಯ ಬೇಲಿಗಿಡಗಳು ನಮ್ಮವೋ ಹುಲ್ಲುಗಾವಲಿನವರವೋ ತಿಳಿಯಲು ಹಳೆಯ ಪತ್ರಗಳನ್ನು ಮತ್ತೆ ತೆಗೆದು, ಬೇಲಿ ಯಾರದೆಂದು ಸೂಚಿಸುವ ‘ಟಿ’ ಗುರುತಿಗಾಗಿ ಭೂತಗನ್ನಡಿ ಹಿಡಿದು ಹುಡುಕಿದೆ. ಅಂಥ ಗುರುತು ಇರಲಿಲ್ಲ. ನಾಲ್ಕನೆಯ ಮನೆಯವರು ಕಸದ ಡಬ್ಬಿ ಉರುಳಿಸಿಕೊಂಡು ಹೋಗುವಾಗ ಅವರನ್ನು ಕೇಳಿದೆ. ಹಕ್ಕಿಗಳು ಗೂಡು ಬಿಡಲಿ, ಸೆಪ್ಟೆಂಬರ್‌ನಲ್ಲಿ ನಿಮ್ಮ ಕಡೆಯದನ್ನು ನೀವು ಕತ್ತರಿಸಿ, ಆ ಕಡೆಯದನ್ನು ರೈತ ಟ್ರ್ಯಾಕ್ಟರ್ ತಂದು ಕತ್ತರಿಸುತ್ತಾನೆ ಎಂದರು. ಸೆಪ್ಟೆಂಬರ್‌ನಲ್ಲಿ ನಾನು ಕತ್ತರಿ ಹಿಡಿದು ಹೋದಾಗ ಆ ಕಡೆಯದು ಆಗಲೇ ಆಗಿತ್ತು.